ಒಂದು ಮನೆಗೆ ಎರಡು ಚಾವಣಿ

ಮನೆಯ ವಿನ್ಯಾಸ ಇಂಜಿನಿಯರರ ವಿಷಯ. ಅದರಲ್ಲಿ ಲೆಕ್ಕಪರಿಶೋಧಕನಿಗೇನು ಕೆಲಸವೆಂದು ಸದಸ್ಯ ಬಾಂಧವರು ಕೇಳಬಹುದು. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಯ ವರ್ತಕರ ಲೆಕ್ಕಪತ್ರಗಳಲ್ಲಿ ಒಂದೇ ಬಗೆಯ ಖರ್ಚು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ವರ್ತಕರೊಬ್ಬರು ಗೃಹಸಾಲ ಪಡೆದು ಸಮತಟ್ಟಾದ ಆರ್.ಸಿ.ಸಿ. ತಾರಸಿಯ ಮನೆ ಕಟ್ಟಿಸುತ್ತಾರೆ. ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ಗೋಡೆಗೆ ತೇವ ಇಳಿಯುತ್ತದೆ. ಮೊದಲು ಜಲನಿರೋಧಕ ಲೇಪನ. ಅದೂ ಸಾಲದೆ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುತ್ತಾರೆ. ಅಲ್ಲಿಗೆ ಒಂದು ಮನೆಗೆ ಎರಡು ಚಾವಣಿಯಾಯಿತು. ಗೃಹಸಾಲ ಆಗಲೇ ಖರ್ಚಾಗಿರುವುದರಿಂದ ಎರಡನೆಯ ಚಾವಣಿಯ ಹಣ ಅಂಗಡಿಯ ಓವರ್‌ಡ್ರಾಫ್ಟ್ ಖಾತೆಯಿಂದ ಬರುತ್ತದೆ. ದಾಸ್ತಾನಿಗೆ ಬಳಕೆಯಾಗಬೇಕಿದ್ದ ದುಡಿಯುವ ಬಂಡವಾಳ ಮನೆಯ ಮೇಲೇರಿ ಕುಳಿತುಕೊಳ್ಳುತ್ತದೆ. ಆ ಮೊತ್ತದ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ.

ತಪ್ಪು ಸಿಮೆಂಟಿನದಲ್ಲ, ನಕ್ಷೆಯದು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 1,000 ಮಿ.ಮೀ.; ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಸರಾಸರಿ 7,000 ಮಿ.ಮೀ. ಮೀರುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೂಡ ಅದರ ಸಾಲಿನಲ್ಲೇ ನಿಲ್ಲುವ ಊರು. ಬಯಲುಸೀಮೆಯ ನಕ್ಷೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಅದರ ದಂಡವನ್ನು ಮನೆಯ ಯಜಮಾನನೇ ತೆರಬೇಕಾಗುತ್ತದೆ.

ನಮ್ಮ ಹಿರಿಯರು ಈ ಲೆಕ್ಕವನ್ನು ಸರಿಯಾಗಿ ಹಾಕಿದ್ದರು. ಕುಪ್ಪಳಿಯಲ್ಲಿ ಸ್ಮಾರಕವಾಗಿ ಉಳಿದಿರುವ ಕುವೆಂಪು ಅವರ ಮನೆಯನ್ನು ನೋಡಿದವರಿಗೆ ಇದು ಮನದಟ್ಟಾಗುತ್ತದೆ. ನೀರು ನಿಲ್ಲಗೊಡದ ಇಳಿಜಾರಿನ ಹಂಚಿನ ಮಾಡು, ಗೋಡೆಗೆ ಎರಚಲು ತಾಗದಂತೆ ಮುಂದೆ ಚಾಚಿದ ಸೂರು, ಬಂದವರು ಕೂರಲು ಜಗುಲಿ, ನಡುವೆ ಬೆಳಕಿಗಾಗಿ ತೊಟ್ಟಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಲೆನಾಡಿನಲ್ಲಿ ಸೋಗೆ, ಹುಲ್ಲಿನ ಜಾಗಕ್ಕೆ ಕ್ರಮೇಣ ಹಂಚು ಬಂತು. ಸಾಮಗ್ರಿ ಬದಲಾಯಿತು, ಇಳಿಜಾರು ಬದಲಾಗಲಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆಂಬ ವಾದ ನನ್ನದಲ್ಲ. ಹಳೆಯ ಮನೆಗಳ ಒಳಕೋಣೆಗಳಲ್ಲಿ ಕತ್ತಲೆ ಹೆಚ್ಚು. ಮಳೆಗೆ ಮುನ್ನ ವರ್ಷವೂ ಹಂಚು ಕೈಯಾಡಿಸಬೇಕು. ಆ ಕೆಲಸ ಬಲ್ಲವರು ವಿರಳರಾಗಿದ್ದಾರೆ. ಮಂಗಗಳ ಕಾಟವನ್ನಂತೂ ಹೇಳಬೇಕಾಗಿಲ್ಲ. ಅಂದಿನಂತೆ ತೊಲೆ, ಪಕಾಸಿಗಳಿಗೆ ಮರ ಒದಗಿಸುವುದು ಇಂದು ಸಾಧ್ಯವೂ ಇಲ್ಲ. ಆದರೆ ಇವು ಪರಿಹಾರವಿಲ್ಲದ ತೊಡಕುಗಳಲ್ಲ. ಮರದ ಬದಲು ಉಕ್ಕಿನ ಚೌಕಟ್ಟು, ಮಂಗಗಳ ಕಾಟವಿರುವಲ್ಲಿ ಹಂಚಿನ ಬದಲು ದಪ್ಪ ಶೀಟು, ಅದರಡಿ ಸದ್ದು ಮತ್ತು ಸೆಕೆ ತಡೆಯುವ ಮುಚ್ಚಿಗೆ, ಬೆಳಕಿಗೆ ನಡುನಡುವೆ ಗಾಜಿನ ಹಂಚು. ಎರಡನೆಯ ಚಾವಣಿಯನ್ನು ಕಟ್ಟಿಕೊಡುವ ನಮ್ಮ ಫ್ಯಾಬ್ರಿಕೇಷನ್ ಘಟಕಗಳೇ ಮೊದಲ ಚಾವಣಿಯನ್ನೂ ಕಟ್ಟಬಲ್ಲವು.

ನಿವೇಶನದ ಮಾತೂ ಇಷ್ಟೇ. ಗುಡ್ಡದ ಓರೆಯಲ್ಲಿರುವ ಜಾಗವನ್ನು ಜೆ.ಸಿ.ಬಿ.ಯಿಂದ ಸಮತಟ್ಟು ಮಾಡಿದರೆ ಹಿಂದೆ ಎತ್ತರದ ಧರೆ ಉಳಿಯುತ್ತದೆ. ಅದು ಕುಸಿಯದಂತೆ ತಡೆಗೋಡೆ ಬೇಕು. ಇಳಿಜಾರನ್ನು ಉಳಿಸಿಕೊಂಡು ಎರಡು ಹಂತದಲ್ಲಿ ಮನೆ ಕಟ್ಟಿದರೆ ಆ ಖರ್ಚಿನ ಬಹುಪಾಲು ಉಳಿದೀತು. ಒಳಾಂಗಣದಲ್ಲೂ ಅಷ್ಟೆ: ಗಾಳಿಯಾಡದ ಕೋಣೆಯಲ್ಲಿ ಗೋಡೆಗೆ ಅಂಟಿಸಿದ ಪ್ಲೈವುಡ್ ಬೀರು ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ಗೋಡೆಯಿಂದ ಕೊಂಚ ದೂರವಿಟ್ಟ ಮರದ ಕಪಾಟು ಬಹುಕಾಲ ಬಾಳುತ್ತದೆ.

22 ಸೆಪ್ಟೆಂಬರ್ 2025ರಿಂದ ಸಿಮೆಂಟಿನ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ಸ್ವಾಗತಾರ್ಹ. ಆದರೆ ತೆರಿಗೆ ಇಳಿದ ಮಾತ್ರಕ್ಕೆ ತಾರಸಿ ಸೋರುವುದು ನಿಲ್ಲದು. ಕಟ್ಟುವ ದಿನದ ವೆಚ್ಚವನ್ನಷ್ಟೇ ನೋಡದೆ ಮೂವತ್ತು ವರ್ಷಗಳ ನಿರ್ವಹಣೆಯನ್ನೂ ಸೇರಿಸಿ ಎರಡು ನಕ್ಷೆಗಳ ಅಂದಾಜುಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ. ಯಂತ್ರ ಕೊಳ್ಳುವಾಗ ತೋರುವ ಈ ಎಚ್ಚರವನ್ನು ಮನೆ ಕಟ್ಟುವಾಗ ಏಕೆ ಮರೆಯಬೇಕು?

ಇದರಲ್ಲಿ ನಮ್ಮ ಪೇಟೆಯ ಹಿತವೂ ಅಡಗಿದೆ. ಜಂಬಿಟ್ಟಿಗೆ, ಬಡಗಿಯ ಕೂಲಿ, ಸಾಗರದ ಗುಡಿಗಾರರ ಕೆತ್ತನೆ, ಸ್ಥಳೀಯ ಫ್ಯಾಬ್ರಿಕೇಷನ್: ಇವುಗಳಿಗೆ ತೆತ್ತ ಹಣ ನಮ್ಮ ಅಂಗಡಿಗಳಿಗೇ ಮರಳಿ ಬರುತ್ತದೆ. ಮೂರೂ ತಾಲ್ಲೂಕುಗಳ ಇಂತಹ ಕುಶಲಕರ್ಮಿಗಳ ಮತ್ತು ಘಟಕಗಳ ಹೆಸರುಪಟ್ಟಿಯನ್ನು ದರಗಳ ಸಹಿತ ಸಿದ್ಧಪಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಸಂಸ್ಥೆಯ ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಅಲ್ಲಿಯವರೆಗೆ ಮನೆ ಕಟ್ಟಲು ಹೊರಟ ಸದಸ್ಯರಿಗೆ ನನ್ನ ಸಲಹೆ ಒಂದೇ: ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಒಂದು ಮಳೆಗಾಲ ನಿಮ್ಮ ನಿವೇಶನದಲ್ಲಿ ನೀರು ಎತ್ತಣಿಂದ ಬಂದು ಎತ್ತ ಹರಿಯುತ್ತದೆಂಬುದನ್ನು ನಿಂತು ನೋಡಿ.