ಹಿಂಬಾಗಿಲಿನಿಂದ ಬಂದವನ ಜೀವಕ್ಕೆ ಹೊಣೆ ಯಾರು?



ದೆಹಲಿಯ ಹೋಟೆಲುಗಳಲ್ಲಿಯೂ ಫರೀದಾಬಾದು, ನೋಯ್ಡಾಗಳ ಕಾರ್ಖಾನೆಗಳಲ್ಲಿಯೂ ದುಡಿಯುವ ನಮಗೆಲ್ಲ ಒಬ್ಬ ಮನುಷ್ಯನ ಪರಿಚಯ ಉಂಟು. ಅವನ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಬಾಯ್ಲರು ಕೆಟ್ಟರೆ ಬರುತ್ತಾನೆ. ಏರ್ ಕಂಡಿಷನ್ ನಿಂತರೆ ನಡುವಿಗೆ ಹಗ್ಗವಿಲ್ಲದೆ ಮೂರನೆಯ ಮಹಡಿಯ ಹೊರಗೋಡೆಗೆ ಜೋತುಬೀಳುತ್ತಾನೆ. ಅಡಿಗೆಮನೆಯ ಮೋರಿ ಕಟ್ಟಿಕೊಂಡರೆ ಗುಂಡಿಗೆ ಇಳಿಯುತ್ತಾನೆ. ಅವನು ಕಂಟ್ರಾಕ್ಟರನ ಆಳು. ಅವನಿಗೆ ಏನಾದರೂ ಆದರೆ ಮಾಲೀಕರ ಬಾಯಲ್ಲಿ ಒಂದೇ ಮಾತು: "ಕೆಲಸ ಗುತ್ತಿಗೆಗೆ ಕೊಟ್ಟಿದ್ದೇವೆ, ಅವನು ನಮ್ಮವನಲ್ಲ." ಈ ಮಾತು ಕಾನೂನಿನಲ್ಲಿಯೂ ನಿಲ್ಲದು, ಧರ್ಮದಲ್ಲಿಯೂ ನಿಲ್ಲದು ಎಂದು ನಾವು ಹೇಳುತ್ತೇವೆ.

ಮೋತಿನಗರದಲ್ಲಿ ಹಿಂದೆ ಸ್ವತಂತ್ರ ಭಾರತ ಮಿಲ್ಲು ಇತ್ತು. ಮಿಲ್ಲು ಹೋಯಿತು; ಆ ನೆಲದ ಮೇಲೆ ಕ್ಯಾಪಿಟಲ್ ಗ್ರೀನ್ಸ್ ಎಂಬ ಶ್ರೀಮಂತರ ವಸತಿ ಎದ್ದಿತು. 2018ರ ಸೆಪ್ಟೆಂಬರ್ 9ರಂದು ಅಲ್ಲಿನ ಕೊಳಚೆ ನೀರು ಶುದ್ಧಮಾಡುವ ತೊಟ್ಟಿಗೆ ಇಳಿದ ಐದು ಮಂದಿ ಕಾರ್ಮಿಕರು ಸತ್ತರು. ರಕ್ಷಣೆಯ ಸಾಧನವೇ ಇಲ್ಲದೆ ಇಳಿಸಿದರೆಂಬುದು ಅವರ ಮನೆಯವರ ದೂರು. ಮೇಲೆ ಮುಗಿಲು ಮುಟ್ಟುವ ಮನೆಗಳು, ಕೆಳಗೆ ಐದು ಹೆಣಗಳು!

ಇದನ್ನು ವಿಧಿ ಎನ್ನುವವರು ಕೇಳಲಿ. ಕೊಳಚೆ ಕೊಳೆತಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತೆಂದು ಧೈರ್ಯಗೊಂಡವನು ಅಲ್ಲಿಯೇ ಕುಸಿಯುತ್ತಾನೆ. ಅವನನ್ನು ಎತ್ತಲು ಹಾರಿದ ಗೆಳೆಯನೂ ಕುಸಿಯುತ್ತಾನೆ. ಇದನ್ನು ಮೊದಲೇ ಅಳೆಯುವ ಯಂತ್ರವಿದೆ, ಗಾಳಿ ಊದುವ ಯಂತ್ರವಿದೆ, ಉಸಿರಿನ ಮುಖವಾಡವಿದೆ, ಹಗ್ಗವಿದೆ. ಗೊತ್ತಿದ್ದೂ ಕೊಡದೆ ಇಳಿಸಿದರೆ ಅದು ವಿಧಿಯಲ್ಲ, ಅಪರಾಧ.

ಗುತ್ತಿಗೆಯ ಕಾನೂನೋ, ದಿನದಿನಕ್ಕೆ ಸಡಿಲವಾಗುತ್ತಿದೆ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಆಳುಗಳಿದ್ದಲ್ಲಿ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಅದನ್ನು 50ಕ್ಕೆ ಏರಿಸಿತು. ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬರುವ ಕೊಳಾಯಿ ಕಂಟ್ರಾಕ್ಟರನಿಗೆ ಇದರ ಭಯವೇನು? ಆದರೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆ ಆಳುಗಳ ಲೆಕ್ಕ ಕೇಳುವುದಿಲ್ಲ. ರಕ್ಷಣೆಯಿಲ್ಲದೆ ಒಳಚರಂಡಿಗೋ ಮಲಗುಂಡಿಗೋ ಯಾರನ್ನೂ ಇಳಿಸಕೂಡದು. ನೇರವಾಗಿಯೂ ಕೂಡದು, ಪರೋಕ್ಷವಾಗಿಯೂ ಕೂಡದು. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರೋಕ್ಷವೆಂಬ ಆ ಒಂದು ಮಾತಿನ ಮುಂದೆ ಗುತ್ತಿಗೆಯ ನೆಪವೆಲ್ಲ ಹಾರಿಹೋಗುತ್ತದೆ.

ಈ ನ್ಯಾಯಕ್ಕಾಗಿ ಹೋರಾಡಿದವರಲ್ಲಿ ಮುಂದಾಳು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಅವರ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಸತ್ತ ಮೇಲೆ ಲಕ್ಷ ಎಣಿಸುವುದಕ್ಕಿಂತ ಬದುಕಿರುವಾಗ ಹಗ್ಗ ಕೊಡುವುದು ಕಷ್ಟವೇ?

ಮಾಲೀಕರನ್ನು ಕೇಳಿದ ಮೇಲೆ ನಮ್ಮವರನ್ನೂ ಕೇಳಬೇಕು. ಗುಂಡಿಗೆ ಇಳಿಯುವವನು ಬಹುಮಟ್ಟಿಗೆ ದಲಿತ. "ಅದು ನಮ್ಮ ಕೆಲಸವಲ್ಲ" ಎಂದು ಮೂಗು ಮುಚ್ಚಿ ಅತ್ತ ಸರಿದು ನಿಲ್ಲುವ ಮಾಣಿಯೂ ಭಟ್ಟರೂ ಯೋಚಿಸಲಿ: ಆ ಮೋರಿಯಲ್ಲಿ ಹರಿಯುವುದು ನಾವು ತೊಳೆದ ತಟ್ಟೆಯ ನೀರು. ಸಂಘವೆಂಬುದು ಹಾಜರಿ ಪುಸ್ತಕದೊಳಗಿನವರಿಗೆ ಮಾತ್ರವೇ?

ಆದುದರಿಂದ ಪ್ರತಿಯೊಂದು ಹೋಟೆಲು, ಕಾರ್ಖಾನೆಯಲ್ಲಿಯೂ ನಮ್ಮವರು ಇಷ್ಟನ್ನು ಹಟಹಿಡಿಯತಕ್ಕದ್ದು. ಮೋರಿಯ ಕೆಲಸ ಯಂತ್ರದಿಂದಲೇ ಆಗಲಿ. ಇಳಿಯದೆ ಗತಿಯೇ ಇಲ್ಲವೆಂದರೆ ಮಾಲೀಕರ ಲಿಖಿತ ಆಜ್ಞೆ, ವಿಷವಾಯುವಿನ ಪರೀಕ್ಷೆ, ಮುಖವಾಡ, ಸೊಂಟಕ್ಕೆ ಹಗ್ಗ, ಹಗ್ಗ ಹಿಡಿದು ಮೇಲೆ ನಿಲ್ಲುವ ಆಳು, ಇಷ್ಟೂ ಇರಬೇಕು. ಇಲ್ಲದಿದ್ದರೆ ಮುಚ್ಚಳ ತೆರೆಯಗೊಡಬೇಡಿ. ಎತ್ತರದಲ್ಲಿ ಯಂತ್ರ ಸರಿಮಾಡುವವನಿಗೂ ನಡುಪಟ್ಟಿ ಕೊಡಿಸಿ. ಯಾರಾದರೂ ಗುಂಡಿಯಲ್ಲಿ ಬಿದ್ದರೆ ಹಿಂದೆಯೇ ಹಾರಬೇಡಿ. 101ಕ್ಕೆ ಕರೆಮಾಡಿ ಅಗ್ನಿಶಾಮಕ ದಳವನ್ನು ಕರೆಸಿ.

ಹಿಂಬಾಗಿಲಿನಿಂದ ಬಂದವನು ನಡೆದುಕೊಂಡೇ ಮನೆಗೆ ಹೋಗಬೇಕು. ಅವನನ್ನು ಕರೆಸಿದ ಮಾಲೀಕನೇ ಅದಕ್ಕೆ ಹೊಣೆ. ಆ ಹೊಣೆಯನ್ನು ಮಾಲೀಕನಿಗೆ ದಿನವೂ ನೆನಪಿಸುವುದು ನಮ್ಮ ಕೆಲಸ.