ಮೂವತ್ತೆರಡಕ್ಕೆ ಮೂವತ್ತೆರಡು ಎಂಬ ಮೋಸದ ಮಗ್ಗಿ

2024ರ ಜೂನ್ 2, ಭಾನುವಾರ. ಲೋಕಸಭೆಯ ಮತಗಟ್ಟೆ ಸಮೀಕ್ಷೆಗಳು ಹಿಂದಿನ ಸಂಜೆಯಷ್ಟೇ ಹೊರಬಿದ್ದಿದ್ದವು, ನಿಜವಾದ ಎಣಿಕೆಗೆ ಇನ್ನೆರಡು ದಿನ ಬಾಕಿಯಿತ್ತು. ಆ ಗದ್ದಲದ ನಡುವೆ ಸಿಕ್ಕಿಂ ವಿಧಾನಸಭೆಯ ಮತ ಎಣಿಕೆ ಮುಗಿದೇ ಹೋಯಿತು. ಪ್ರೇಮ್ ಸಿಂಗ್ ತಮಾಂಗ್ ಅವರ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ (ಎಸ್‌ಕೆಎಂ) 32ರಲ್ಲಿ 31 ಸ್ಥಾನ ಗೆದ್ದಿತ್ತು. ಕಾಲು ಶತಮಾನ ಆಳಿದ ಪವನ್ ಚಾಮ್ಲಿಂಗ್ ನಿಂತ ಎರಡೂ ಕಡೆ ಸೋತಿದ್ದರು. ಟಿವಿ ಪರದೆಯ ತಳದಲ್ಲಿ ಒಂದು ಸಾಲು ಓಡಿತು, ಮರುದಿನದ ಪತ್ರಿಕೆಗಳಲ್ಲಿ ಒಂದು ಪೆಟ್ಟಿಗೆ ಸುದ್ದಿ ಬಂತು, ಅಲ್ಲಿಗೆ ಮುಗಿಯಿತು. ಅಷ್ಟರಲ್ಲೇ ಪಂಡಿತರು ತೀರ್ಪು ಕೊಟ್ಟಾಗಿತ್ತು: ಪುಟ್ಟ ರಾಜ್ಯ, ಒಗ್ಗಟ್ಟಿನ ಜನ, ಏಕಕಂಠದ ಆಯ್ಕೆ, ವಿರೋಧ ಪಕ್ಷವೇ ಬೇಡವೆಂದು ಜನರೇ ಹೇಳಿಬಿಟ್ಟಿದ್ದಾರೆ. ಈ ಮಾತನ್ನು ಆಡಿದವರಲ್ಲಿ ಎಷ್ಟು ಮಂದಿ ಫಲಿತಾಂಶದ ಪಟ್ಟಿಯಲ್ಲಿ ಸ್ಥಾನಗಳ ಪಕ್ಕದ ಕಾಲಂ ನೋಡಿದ್ದಾರೋ ತಿಳಿಯದು. ಅಲ್ಲಿದ್ದ ಅಂಕಿ ಶೇ 58.

ಶೇ 58 ಮತಕ್ಕೆ ಶೇ 97 ಸ್ಥಾನ. ನೂರು ಜನರಲ್ಲಿ ನಲವತ್ತೆರಡು ಮಂದಿ ಈ ಪಕ್ಷ ಬೇಡವೆಂದು ಬೇರೆ ಗುಂಡಿ ಒತ್ತಿ ಬಂದಿದ್ದಾರೆ, ಅವರೆಲ್ಲರ ಪಾಲಿಗೆ ಸದನದಲ್ಲಿ ಸಿಕ್ಕಿದ್ದು ಒಂದೇ ಕುರ್ಚಿ. ಶೇ 27ರಷ್ಟು ಮತ ಪಡೆದ ಚಾಮ್ಲಿಂಗ್ ಅವರ ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್‌ಗೆ (ಎಸ್‌ಡಿಎಫ್) ಆ ಒಂದು, ತಲಾ ಶೇ 5ಕ್ಕಿಂತ ತುಸು ಹೆಚ್ಚು ಪಡೆದ ಸಿಟಿಜನ್ ಆ್ಯಕ್ಷನ್ ಪಾರ್ಟಿ ಮತ್ತು ಬಿಜೆಪಿಗೆ ಸೊನ್ನೆ. ಮತಕ್ಕೆ ತಕ್ಕಂತೆ ಸ್ಥಾನ ಹಂಚಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು ಹೈಸ್ಕೂಲು ಹುಡುಗನೂ ಹಾಕಬಲ್ಲ: ಎಸ್‌ಕೆಎಂಗೆ 19, ಎಸ್‌ಡಿಎಫ್‌ಗೆ 9, ಉಳಿದ ಎರಡಕ್ಕೆ ತಲಾ 2. ತಮಾಂಗ್ ಆಗಲೂ ಮುಖ್ಯಮಂತ್ರಿಯೇ, ನಿರಾಯಾಸ ಬಹುಮತವೇ. ಆದರೆ ಎದುರಿಗೆ ಹದಿಮೂರು ಮಂದಿ ಕೂತಿರುತ್ತಿದ್ದರು. ಈ ಹದಿಮೂರು ಮಂದಿಯನ್ನು ಮಾಯ ಮಾಡಿದ್ದು ಜನರಲ್ಲ, ಎಣಿಕೆಯ ಪದ್ಧತಿ. ಇದು ಒಂದು ಸಲದ ಆಕಸ್ಮಿಕವೂ ಅಲ್ಲ. 2009ರಲ್ಲಿ ಚಾಮ್ಲಿಂಗ್ ಶೇ 66ರಷ್ಟು ಮತಕ್ಕೆ ಮೂವತ್ತೆರಡಕ್ಕೆ ಮೂವತ್ತೆರಡನ್ನೂ ಬಾಚಿಕೊಂಡರು, ಶೇ 27ರಷ್ಟು ಮತ ಪಡೆದ ಕಾಂಗ್ರೆಸ್ ಬರಿಗೈಯಲ್ಲಿ ಮನೆಗೆ ಹೋಯಿತು. 1989ರಲ್ಲಿ ನರ್ ಬಹಾದ್ದೂರ್ ಭಂಡಾರಿ ಅವರದ್ದೂ ಇದೇ ಕಥೆ, ಅಷ್ಟೂ ಸ್ಥಾನ. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮತದಾರರು ಸದನದ ಬಾಗಿಲಾಚೆ ನಿಂತಿರುವಾಗ ಅದನ್ನು ಏಕಕಂಠ ಎಂದು ಕರೆಯಬೇಕಾದರೆ ಕಿವಿಗೆ ಹತ್ತಿ ತುರುಕಿಕೊಂಡಿರಬೇಕು.

ಗುಡ್ಡಗಾಡಿನ ಜನ ಹಾಗೇ, ಒಬ್ಬ ನಾಯಕನನ್ನು ನಂಬಿದರೆ ಅವನ ಹಿಂದೆಯೇ ಹೋಗುತ್ತಾರೆ ಎಂಬ ಇನ್ನೊಂದು ವಿವರಣೆ ಬೆಂಗಳೂರು, ದೆಹಲಿಗಳ ಹವಾನಿಯಂತ್ರಿತ ಸ್ಟುಡಿಯೊಗಳಿಂದ ತೇಲಿಬರುತ್ತದೆ. ಚರಿತ್ರೆ ಏನು ಹೇಳುತ್ತದೆ? 1974ರಲ್ಲಿ, ಭಾರತಕ್ಕೆ ಸೇರುವ ಒಂದು ವರ್ಷ ಮೊದಲು, ಕಾಜಿ ಲೆಂಡುಪ್ ದೋರ್ಜಿ ಅವರ ಸಿಕ್ಕಿಂ ಕಾಂಗ್ರೆಸ್ 32ರಲ್ಲಿ 31 ಗೆದ್ದಿತು. ಐದು ವರ್ಷ ಕಳೆದು 1979ರಲ್ಲಿ ಕಾಜಿಯವರ ಪಕ್ಷಕ್ಕೆ ಒಂದೂ ಇಲ್ಲ. 1989ರಲ್ಲಿ ಎಲ್ಲವನ್ನೂ ಗೆದ್ದ ಭಂಡಾರಿ 1994ರಲ್ಲಿ ಹತ್ತಕ್ಕೆ ಇಳಿದರು. ಚಾಮ್ಲಿಂಗ್ 2019ರ ಜನವರಿಯಲ್ಲಿ 'ಒಂದು ಕುಟುಂಬ, ಒಂದು ಉದ್ಯೋಗ' ಎಂದು ನೇಮಕಾತಿ ಪತ್ರಗಳನ್ನು ಹಂಚಿ, ಅದೇ ವರ್ಷ ಮೇ ತಿಂಗಳಲ್ಲಿ ಅಧಿಕಾರ ಕಳೆದುಕೊಂಡರು. ಕಣ್ಣುಮುಚ್ಚಿ ಹಿಂಬಾಲಿಸುವ ಜನ ಮಾಡುವ ಕೆಲಸವೇ ಇದು? ಸಿಕ್ಕಿಮಿನ ಮತದಾರ ತನಗೆ ಕೊಟ್ಟ ನೌಕರಿಯ ಆದೇಶವನ್ನು ಜೇಬಿಗಿಟ್ಟುಕೊಂಡು ಕೊಟ್ಟವನ ವಿರುದ್ಧವೇ ಮತ ಹಾಕುವಷ್ಟು ಸ್ವತಂತ್ರ. ಒಂದು ಕ್ಷೇತ್ರಕ್ಕೆ ಹತ್ತು ಹದಿನೈದು ಸಾವಿರ ಮತದಾರರಿರುವ ರಾಜ್ಯದಲ್ಲಿ ಕೆಲವೇ ನೂರು ಮತ ಆಚೀಚೆಯಾದರೆ ಕ್ಷೇತ್ರ ಕೈಬದಲಾಗುತ್ತದೆ. ಇಡೀ ರಾಜ್ಯದಲ್ಲಿ ಗಾಳಿ ಒಂದೇ ದಿಕ್ಕಿಗೆ ಬೀಸಿತೆಂದರೆ ಕ್ಷೇತ್ರಗಳು ಇಸ್ಪೀಟೆಲೆಯ ಮನೆಯಂತೆ ಒಂದರ ಹಿಂದೊಂದು ಬೀಳುತ್ತವೆ. ದೊಡ್ಡ ರಾಜ್ಯದಲ್ಲಿ ಕರಾವಳಿ ಒಂದು ಕಡೆ, ಹಳೇ ಮೈಸೂರು ಇನ್ನೊಂದು ಕಡೆ ಎಂದು ವಾಲಿ ಸಮತೋಲ ತಾನಾಗಿ ಬರುತ್ತದೆ. ಪುಟ್ಟ ರಾಜ್ಯಕ್ಕೆ ಆ ಅನುಕೂಲವಿಲ್ಲ. ಹಾಗಿರುವಾಗ ದೊಡ್ಡ ರಾಜ್ಯಕ್ಕೆ ಹೊಲಿದ ಅಂಗಿಯನ್ನೇ ಅದಕ್ಕೂ ತೊಡಿಸಿ, ಆಮೇಲೆ ಅದರ ಮೈಕಟ್ಟೇ ವಿಚಿತ್ರ ಎನ್ನುತ್ತೇವೆ.

ಇಷ್ಟೆಲ್ಲ ಆದ ಮೇಲೂ ಜನ ಹಟ ಹಿಡಿದು ವಿರೋಧ ಪಕ್ಷವನ್ನು ಗೆಲ್ಲಿಸಿ ಕಳಿಸಿದ್ದುಂಟು. 2014ರಲ್ಲಿ ಎಸ್‌ಕೆಎಂಗೆ 10 ಸ್ಥಾನ ಕೊಟ್ಟರು. 2015ರ ನವೆಂಬರ್ ಕೊನೆಗೆ ಅವರಲ್ಲಿ ಏಳು ಮಂದಿ ಚಾಮ್ಲಿಂಗ್ ಪಕ್ಷದಲ್ಲಿದ್ದರು. 2019ರಲ್ಲಿ ಜನ ಎಸ್‌ಕೆಎಂಗೆ 17, ಎಸ್‌ಡಿಎಫ್‌ಗೆ 15 ಕೊಟ್ಟರು. ಎರಡೂ ಪಕ್ಷಗಳ ಮತ ಶೇ 47ರ ಆಸುಪಾಸು, ಅದರಲ್ಲೂ ಸೋತ ಪಕ್ಷದ್ದೇ ಕೂದಲೆಳೆಯಷ್ಟು ಹೆಚ್ಚು. ಇಷ್ಟು ಸಮಬಲದ ಸದನ ಸಿಕ್ಕಿಮಿಗೆ ಅಪರೂಪ. ಅದರ ಆಯುಷ್ಯ ಮೂರು ತಿಂಗಳೂ ಇರಲಿಲ್ಲ. ಎರಡೆರಡು ಕಡೆ ಗೆದ್ದವರು ಒಂದೊಂದನ್ನು ಬಿಟ್ಟ ಮೇಲೆ ಎಸ್‌ಡಿಎಫ್‌ನಲ್ಲಿ ಉಳಿದವರು 13 ಮಂದಿ. ಆಗಸ್ಟ್ 13ರಂದು ಹತ್ತು ಮಂದಿ ದೆಹಲಿಯಲ್ಲಿ ಬಿಜೆಪಿ ಸೇರಿದರು, ಇಬ್ಬರು ಆಳುವ ಪಕ್ಷಕ್ಕೆ ಹೋದರು, ಸದನದಲ್ಲಿ ಚಾಮ್ಲಿಂಗ್ ಒಬ್ಬರೇ ಉಳಿದರು. ಆ ಚುನಾವಣೆಯಲ್ಲಿ ಬಿಜೆಪಿ ಪಡೆದ ಮತ ಶೇ 1.62, ಗೆದ್ದ ಸ್ಥಾನ ಸೊನ್ನೆ. ನೂರರಲ್ಲಿ ಇಬ್ಬರೂ ಆರಿಸದ ಪಕ್ಷ ಹತ್ತು ಶಾಸಕರೊಂದಿಗೆ ಪ್ರಮುಖ ವಿರೋಧ ಪಕ್ಷವಾಯಿತು. ಇದಕ್ಕೆ ಮುಂಚಿನ ತಿಂಗಳಷ್ಟೇ ಕರ್ನಾಟಕದಲ್ಲಿ ಬಂಡಾಯ ಶಾಸಕರ ಮುಂಬೈ ಹೋಟೆಲಿನ ಪ್ರಹಸನ ಮುಗಿದು ಸಮ್ಮಿಶ್ರ ಸರ್ಕಾರ ಬಿದ್ದಿತ್ತು. ನಮ್ಮ ಶಾಸಕರನ್ನು ಎಷ್ಟು ಬೈದರೂ ಒಂದು ಮಾತು ಒಪ್ಪಬೇಕು: ಅವರಿಗೆ ರಾಜೀನಾಮೆ ಬಿಸಾಕಿ ಹೋಗುವ ಕಷ್ಟವಿತ್ತು, ಡಿಸೆಂಬರಿನಲ್ಲಿ ಬಹುತೇಕರು ಮತ್ತೆ ಜನರ ಮನೆಬಾಗಿಲಿಗೆ ಹೋಗಬೇಕಾಯಿತು. ಸಿಕ್ಕಿಮಿನಲ್ಲಿ ಆ ಕಿರಿಕಿರಿಯೂ ಇಲ್ಲ.

ಏಕೆಂದರೆ ಸಂವಿಧಾನದ ಹತ್ತನೇ ಅನುಸೂಚಿಯ ನಾಲ್ಕನೇ ಪ್ಯಾರಾ, ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಪ್ಪಿದರೆ ಅದನ್ನು ಪಕ್ಷಾಂತರ ಎನ್ನುವುದಿಲ್ಲ, ವಿಲೀನ ಎನ್ನುತ್ತದೆ. ದೊಡ್ಡ ಸದನದಲ್ಲಿ ಮೂರನೇ ಎರಡೆಂದರೆ ಬೆಟ್ಟ. 224 ಸದಸ್ಯಬಲದ ನಮ್ಮ ವಿಧಾನಸಭೆಯಲ್ಲಿ ಎಂಬತ್ತು ಶಾಸಕರ ಪಕ್ಷ ಒಡೆಯಲು ಐವತ್ನಾಲ್ಕು ಮಂದಿಯನ್ನು ಒಟ್ಟಿಗೆ ಎಬ್ಬಿಸಬೇಕು. ಹತ್ತು ಮಂದಿಯ ಪಕ್ಷದಲ್ಲಿ ಏಳು ಮಂದಿ ಎಂದರೆ ಒಂದು ಟೆಂಪೊ ಟ್ರಾವೆಲರ್ ಸಾಕು, ಇನ್ನೂ ಸೀಟು ಉಳಿಯುತ್ತದೆ. ಮೂವರಿದ್ದರೆ ಇಬ್ಬರು ಸಾಕು. ಒಬ್ಬನೇ ಇದ್ದರಂತೂ ಅವನೇ ಮೂರನೇ ಎರಡು, ಅವನೇ ಮೂರನೇ ಮೂರು. 2024ರ ಜುಲೈನಲ್ಲಿ ಆದದ್ದೂ ಅದೇ. ಶ್ಯಾರಿ ಕ್ಷೇತ್ರದಿಂದ ಗೆದ್ದಿದ್ದ ಏಕೈಕ ಎಸ್‌ಡಿಎಫ್ ಶಾಸಕ ತೆಂಜಿಂಗ್ ನೊರ್ಬು ಲಾಮ್ತಾ ಆಳುವ ಪಕ್ಷ ಸೇರಿದರು. ಫಲಿತಾಂಶ ಬಂದು ಆರು ವಾರವೂ ಆಗಿರಲಿಲ್ಲ. ಇನ್ನುಳಿದದ್ದು ಎರಡು ಖಾಲಿ ಕುರ್ಚಿ. ಮುಖ್ಯಮಂತ್ರಿ ಗೆದ್ದ ಎರಡರಲ್ಲಿ ಒಂದನ್ನು ಬಿಟ್ಟಿದ್ದರು, ಶಾಸಕಿಯಾಗಿ ಗೆದ್ದಿದ್ದ ಅವರ ಪತ್ನಿ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ ರಾಜೀನಾಮೆ ಕೊಟ್ಟಿದ್ದರು. ನವೆಂಬರಿನ ಉಪಚುನಾವಣೆಗೆ ಮತಯಂತ್ರ ಹೊತ್ತು ಗುಡ್ಡ ಹತ್ತುವ ಪ್ರಮೇಯವೇ ಬರಲಿಲ್ಲ. ಕಣದಲ್ಲಿ ಎದುರಾಳಿ ಯಾರೂ ಉಳಿಯದೆ ಎಸ್‌ಕೆಎಂನ ಇಬ್ಬರೂ ಅವಿರೋಧವಾಗಿ ಆಯ್ಕೆಯಾದರು, ಅವರಲ್ಲೊಬ್ಬರು ಮುಖ್ಯಮಂತ್ರಿಯ ಮಗ. ಮೂವತ್ತೆರಡಕ್ಕೆ ಮೂವತ್ತೆರಡು ಪೂರ್ತಿಯಾದದ್ದು ಹೀಗೆ. ಇದರಲ್ಲಿ ಮತದಾರ ಕೊಟ್ಟದ್ದೆಷ್ಟು, ಕಾನೂನಿನ ಸಂದಿಯಲ್ಲಿ ಸೋರಿಬಂದದ್ದೆಷ್ಟು?

ಸರ್ಕಾರ ಚೆನ್ನಾಗಿ ನಡೆಯುತ್ತಿದ್ದರೆ ವಿರೋಧಿಗಳಿಲ್ಲದಿದ್ದರೇನು ನಷ್ಟ ಎಂದು ಕೇಳುವವರಿದ್ದಾರೆ. 2023ರ ಅಕ್ಟೋಬರ್ 3ರ ರಾತ್ರಿ ದಕ್ಷಿಣ ಲೊನಾಕ್ ಹಿಮಸರೋವರ ಒಡೆದು ನುಗ್ಗಿದ ನೀರಿಗೆ ಚುಂಗ್‌ಥಾಂಗ್‌ನ 1200 ಮೆಗಾವಾಟ್ ತೀಸ್ತಾ-3 ಯೋಜನೆಯ ಅಣೆಕಟ್ಟು ನಿಮಿಷಗಳಲ್ಲಿ ಕೊಚ್ಚಿಹೋಯಿತು. ಆ ಯೋಜನೆಯ ಕಂಪನಿಯಲ್ಲಿ ಶೇ 60ರಷ್ಟು ಪಾಲು ಆಗ ರಾಜ್ಯ ಸರ್ಕಾರದ್ದೇ ಆಗಿತ್ತು, ಅಂದರೆ ಮುಳುಗಿದ್ದು ಸಿಕ್ಕಿಮಿನ ಜನರ ಹಣ. 2025ರ ಜನವರಿಯಲ್ಲಿ ಕೇಂದ್ರದ ತಜ್ಞರ ಸಮಿತಿ ಅದೇ ಜಾಗದಲ್ಲಿ ಮೊದಲಿಗಿಂತ ಎತ್ತರದ ಕಾಂಕ್ರೀಟ್ ಅಣೆಕಟ್ಟಿಗೆ ಅನುಮತಿ ನೀಡಬಹುದೆಂದು ಶಿಫಾರಸು ಮಾಡಿತು. ಗೇಟು ತೆರೆಯಲು ಯಾಕೆ ಆಗಲಿಲ್ಲ, ಮುನ್ಸೂಚನೆಯ ವ್ಯವಸ್ಥೆ ಏನಾಗಿತ್ತು, ಸಾಲ ತೀರಿಸುವವರು ಯಾರು ಎಂದು ಎದ್ದು ನಿಂತು ಕೇಳಬೇಕಾದ ಜಾಗ ವಿಧಾನಸಭೆ. ಅಲ್ಲಿ ಪ್ರಶ್ನೆ ಹಾಕುವವರೂ ಉತ್ತರ ಕೊಡುವವರೂ ಒಂದೇ ಪಕ್ಷದ ಟಿಕೆಟ್ಟಿಗೆ ಕಾಯುವವರು. ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರು ಅಧ್ಯಕ್ಷರಾಗಬೇಕೆಂಬ ಸಂಪ್ರದಾಯವನ್ನು ನಮ್ಮ ಸಂಸತ್ತು 1967ರಿಂದ ನಡೆಸಿಕೊಂಡು ಬಂದಿದೆ. ವಿರೋಧ ಪಕ್ಷವೇ ಇಲ್ಲದ ಸದನದಲ್ಲಿ ಲೆಕ್ಕ ಕೇಳುವವನೂ ಖರ್ಚು ಮಾಡಿದವನ ಮನೆಯವನೇ.

ಈಶಾನ್ಯ ಎಂದರೆ ದೆಹಲಿಗೆ ಎಣಿಕೆಯ ಸರಕು ಎಂಬ ಸಿಟ್ಟಿಗೂ ಇಲ್ಲಿ ಜಾಗ ಕೊಡಲೇಬೇಕು. ಭ್ರಷ್ಟಾಚಾರ ಪ್ರಕರಣದಲ್ಲಿ ಒಂದು ವರ್ಷ ಜೈಲುವಾಸ ಮುಗಿಸಿದ್ದ ತಮಾಂಗ್ ಅವರ ಆರು ವರ್ಷದ ಅನರ್ಹತೆಯನ್ನು ಚುನಾವಣಾ ಆಯೋಗ 2019ರ ಸೆಪ್ಟೆಂಬರಿನಲ್ಲಿ ಒಂದು ವರ್ಷ ಒಂದು ತಿಂಗಳಿಗೆ ಇಳಿಸಿತು. ಮರುತಿಂಗಳೇ ಅವರು ಉಪಚುನಾವಣೆ ಗೆದ್ದರು. ಆ ಉಪಚುನಾವಣೆಗೆ ಬಿಜೆಪಿಯೊಂದಿಗೆ ಅವರ ಹೊಂದಾಣಿಕೆಯಿತ್ತು ಎಂಬುದು ಕಾಕತಾಳೀಯವೇ ಇರಬಹುದು. 2016ರಲ್ಲಿ ಅರುಣಾಚಲದ ಪೆಮಾ ಖಂಡು ಕಾಂಗ್ರೆಸ್‌ನ ಬಹುತೇಕ ಇಡೀ ಶಾಸಕಾಂಗ ಪಕ್ಷವನ್ನೇ ಸೆಪ್ಟೆಂಬರಿನಲ್ಲಿ ಒಂದು ಪಕ್ಷಕ್ಕೆ, ಡಿಸೆಂಬರಿನಲ್ಲಿ ಇನ್ನೊಂದಕ್ಕೆ ಸಾಗಿಸಿದರು. 2024ರಲ್ಲಿ ಅದೇ ಅರುಣಾಚಲದ 60 ಕ್ಷೇತ್ರಗಳಲ್ಲಿ 10ರಲ್ಲಿ ಮತದಾನವೇ ನಡೆಯಲಿಲ್ಲ. ಇದೇ ಆಟ ಉತ್ತರ ಪ್ರದೇಶದಲ್ಲೋ ಮಹಾರಾಷ್ಟ್ರದಲ್ಲೋ ನಡೆದಿದ್ದರೆ ತಿಂಗಳುಗಟ್ಟಲೆ ಚರ್ಚೆ. ಕನ್ನಡ ವಾಹಿನಿಗಳನ್ನು ಬಿಡಿ, ನಮ್ಮ ಪತ್ರಿಕೆಗಳಿಗೂ ಗ್ಯಾಂಗ್ಟಕ್ ನೆನಪಾಗುವುದು ಬೇಸಿಗೆ ಪ್ರವಾಸದ ಪುರವಣಿ ಹೊರಡಿಸುವಾಗ.

ಮತಕ್ಕೆ ತಕ್ಕಂತೆ ಸ್ಥಾನ ಹಂಚುವ ಅನುಪಾತ ಪದ್ಧತಿ ತಂದರೆ ಸರ್ಕಾರಗಳು ಅಲುಗಾಡುತ್ತವೆ ಎಂಬ ಆಕ್ಷೇಪ ಹಳೆಯದು, ಅದಕ್ಕೊಂದು ಘನತೆಯೂ ಇದೆ. ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಅವರೇ ಸ್ಥಿರ ಸರ್ಕಾರ ಮತ್ತು ಅಕ್ಷರಜ್ಞಾನದ ಕೊರತೆಯ ಕಾರಣ ಕೊಟ್ಟು ಅದನ್ನು ಒಪ್ಪಲಿಲ್ಲ. ಅಂದಿನ ಭಾರತಕ್ಕೆ ಅದು ಸರಿ. ಇಂದಿನ ಸಿಕ್ಕಿಂ 2011ರ ಜನಗಣತಿಯಲ್ಲೇ ಶೇ 81ರಷ್ಟು ಸಾಕ್ಷರ, ಇನ್ನು ಶೇ 58 ಮತ ಪಡೆದವನ ಸರ್ಕಾರ ಅನುಪಾತದಲ್ಲೂ ಅಲುಗುವುದಿಲ್ಲ. ಇಡೀ ಪದ್ಧತಿಯನ್ನು ಕಿತ್ತೊಗೆಯುವುದೂ ಬೇಕಿಲ್ಲ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಈಗಿರುವ ಕ್ಷೇತ್ರಗಳ ಮೇಲೆ ಶೇ 25ರಷ್ಟು ಸ್ಥಾನ ಹೆಚ್ಚಿಸಿ, ಅವನ್ನು ಪಕ್ಷಗಳ ಪಟ್ಟಿಯಿಂದ ಅನುಪಾತದ ಮೇಲೆ ತುಂಬಬಹುದೆಂದಿತ್ತು. ಅದೇ ವರದಿ ವಿಲೀನದ ವಿನಾಯಿತಿಯನ್ನು ಅಳಿಸಿಹಾಕಿ ಎಂದೂ ಹೇಳಿತ್ತು. ಪಕ್ಷ ಒಡೆಯಲು ಮೂರನೇ ಒಂದರ ರಿಯಾಯಿತಿ ಕೊಡುತ್ತಿದ್ದ ಮೂರನೇ ಪ್ಯಾರಾ 2003ರಲ್ಲಿ ಹೋಯಿತು, ನಾಲ್ಕನೆಯದು ಮಾತ್ರ ಕಲ್ಲುಗುಂಡಿನಂತೆ ಕೂತಿದೆ. ಅದನ್ನು ತೆಗೆಯಲು ಯಾವ ಆಳುವ ಪಕ್ಷಕ್ಕೆ ತಾನೇ ಮನಸ್ಸು ಬಂದೀತು? ಚಾಮ್ಲಿಂಗ್ ಅವರಿಗೂ 2015ರಲ್ಲಿ ಬಂದಿರಲಿಲ್ಲ, ಅದರ ಫಲವನ್ನು 2019ರಲ್ಲಿ ಅವರೇ ಉಂಡರು. ಅವರ ಬಗ್ಗೆ ಕನಿಕರ ಪಡುವ ಅಗತ್ಯವಿಲ್ಲ.

ಒಂದು ರಾಜ್ಯಕ್ಕೆಂದೇ ಬೇರೆ ಏರ್ಪಾಡು ಹೇಗೆ ಸಾಧ್ಯ, ಶಾಸಕನೆಂದರೆ ಅವನಿಗೊಂದು ಕ್ಷೇತ್ರ, ಒಂದು ಗಡಿ ಇರಬೇಡವೇ ಎಂದು ಹುಬ್ಬೇರಿಸುವವರು ಸಿಕ್ಕಿಂ ವಿಧಾನಸಭೆಯ 32ನೇ ಕುರ್ಚಿಯನ್ನು ಒಮ್ಮೆ ನೋಡಬೇಕು. ಅದು ಸಂಘ ಕ್ಷೇತ್ರ. ಅದಕ್ಕೆ ನೆಲವಿಲ್ಲ, ಗಡಿಯಿಲ್ಲ. ರಾಜ್ಯದ ಬೌದ್ಧ ಮಠಗಳಲ್ಲಿ ನೋಂದಾಯಿತರಾದ ಭಿಕ್ಷುಗಳು, ಭಿಕ್ಷುಣಿಯರು ಮಾತ್ರ ಅದರ ಮತದಾರರು, ನಿಲ್ಲುವವರೂ ಅವರೇ. ಮತದಾನದ ದಿನ ಕೆಂಪು ಕಾಷಾಯ ಉಟ್ಟವರು ಊರವರಂತೆಯೇ ಮತಗಟ್ಟೆಗೆ ಬರುತ್ತಾರೆ, ಅವರಿಗೆ ಮಾತ್ರ ಬೇರೆ ಮತಯಂತ್ರ. ಸಂವಿಧಾನದ 371ಎಫ್ ವಿಧಿಯ ಆಸರೆಯಲ್ಲಿರುವ ಈ ಸ್ಥಾನವನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿದಿದೆ. 2004ರಲ್ಲಿ ಚಾಮ್ಲಿಂಗ್ 31 ಗೆದ್ದಾಗ ಅವರಿಗೆ ದಕ್ಕದೆ ಉಳಿದ ಒಂದೇ ಸ್ಥಾನ ಇದು, ಆ ಸದನದ ಇಡೀ ವಿರೋಧ ಪಕ್ಷವನ್ನು ಚುನಾಯಿಸಿದ್ದು ಮಠದವರು. ಲಿಂಬು, ತಮಾಂಗ್ ಸಮುದಾಯಗಳಿಗೆ ಮೀಸಲು ಸ್ಥಾನ ಕೊಡಬೇಕು, ಅದಕ್ಕಾಗಿ ಸದನದ ಬಲ ಹೆಚ್ಚಿಸಬೇಕು ಎಂಬ ಬೇಡಿಕೆ ಅಲ್ಲಿ ಎಷ್ಟೋ ವರ್ಷಗಳಿಂದ ಇದೆ. ಆ ಮಸೂದೆ ಬರೆಯುವ ದಿನ ಬಂದಾಗ ಅನುಪಾತದ ಎಂಟು ಸ್ಥಾನಗಳನ್ನೂ ಅದರಲ್ಲೇ ಬರೆಯಲು ಅಡ್ಡಿಯೇನು? 2024ರ ಮತಗಳನ್ನೇ ಹಿಡಿದು ಆ ಎಂಟನ್ನು ಹಂಚಿದರೆ ಸೋತವರಿಗೆ ಮೂರು ಕುರ್ಚಿ ಸಿಗುತ್ತಿತ್ತು. ಶ್ಯಾರಿಯವರು ಎತ್ತ ಹೋದರೂ ತೀಸ್ತಾದ ಲೆಕ್ಕ ಕೇಳಲು ಮೂವರು.