ಅರಳು ಮರಳು ಎಂದು ಕೈತೊಳೆದುಕೊಳ್ಳುವ ಊರು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯಷ್ಟು ಅಗ್ಗದ ವೈದ್ಯ ನಮ್ಮ ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಫೀಸು ಕೇಳುವುದಿಲ್ಲ, ರಕ್ತಪರೀಕ್ಷೆಗೆ ಬರೆಯುವುದಿಲ್ಲ, ಮತ್ತೆ ಬಂದು ತೋರಿಸಿ ಎನ್ನುವುದೂ ಇಲ್ಲ. ಗುಬ್ಬಿಯ ಸಂತೆಯಲ್ಲಿ ಒಂದೇ ಸೊಪ್ಪಿಗೆ ಎರಡು ಸಲ ದುಡ್ಡು ಕೊಡುವ ಅಜ್ಜನಿಗೂ, ಉಂಡ ತಟ್ಟೆ ಒಣಗುವ ಮೊದಲೇ ‘ನನಗೆ ಊಟಾನೇ ಹಾಕಿಲ್ಲ’ ಎಂದು ಪಕ್ಕದ ಮನೆಗೆ ಹೋಗಿ ದೂರುವ ಕುಣಿಗಲ್ಲಿನ ಅಜ್ಜಿಗೂ ಅದರದು ಒಂದೇ ತೀರ್ಪು: ‘ವಯಸ್ಸಾಯ್ತು, ಅರಳು ಮರಳು, ಬಿಡಿ.’ ಆ ‘ಬಿಡಿ’ಯ ಮೇಲೇ ನನ್ನ ತಕರಾರು.

ಇದೇ ಎರಡು ಪದಗಳನ್ನು ಬೇಂದ್ರೆಯವರು ತಮ್ಮ ಸಂಕಲನಕ್ಕೆ ಹೆಸರಾಗಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮುಪ್ಪನ್ನು ಹಂಗಿಸುವ ಮಾತಿನಲ್ಲಿ ಅವರಿಗೆ ಅರಳುವುದೂ ಕೇಳಿಸಿತ್ತು. ಅವರನ್ನು ಪರೀಕ್ಷೆಗೆ ಓದಿದ ನಾವು ಹಂಗಿಸುವುದನ್ನಷ್ಟೇ ಉಳಿಸಿಕೊಂಡಿದ್ದೇವೆ.

ಗಾದೆ ಸುಳ್ಳಾಗಬಾರದು ಅಂತಾರೆ. ಈ ಗಾದೆ ಸುಳ್ಳು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಮಂದಿ. ಉಳಿದ ತೊಂಬತ್ತೆರಡು ಜನರಿಗೆ ಇಲ್ಲ ಎಂದಮೇಲೆ ಅದು ವಯಸ್ಸಿನ ಸಹಜ ಗುಣವಲ್ಲ, ಕಾಯಿಲೆ. ಅದೇ ಅಧ್ಯಯನದ ಪ್ರಕಾರ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇನ್ನೊಂದು ಮಾತು: ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಗಾದೆ ಹೇಳಿ ನಾವು ಜಗಲಿಯಲ್ಲಿ ಕೂರಿಸಿದವರಲ್ಲಿ ಮಾತ್ರೆ, ಇಂಜೆಕ್ಷನ್ನಿನಿಂದಲೇ ಚೇತರಿಸಿಕೊಳ್ಳಬಹುದಾಗಿದ್ದವರೂ ಇರುತ್ತಾರೆ.

‘ನಮ್ಮ ಕಡೆ ಮನೆಯವರೇ ನೋಡ್ಕೋತಾರೆ ಬಿಡ್ರೀ, ಇದೇನು ಅಮೆರಿಕಾನಾ’ ಎಂಬುದು ಎರಡನೆಯ ‘ಬಿಡಿ’. ಈ ಮನೆಯವರು ಯಾರು? ಬಹುಪಾಲು ಮನೆಗಳಲ್ಲಿ ಒಬ್ಬಳೇ ಹೆಂಗಸು: ಸೊಸೆ, ಮಗಳು ಅಥವಾ ತಾನೂ ಎಪ್ಪತ್ತು ದಾಟಿದ ಹೆಂಡತಿ. ರಾತ್ರಿ ಮೂರು ಗಂಟೆಗೆ ‘ನಮ್ಮೂರಿಗೆ ಹೋಗಬೇಕು’ ಎಂದು ಬಾಗಿಲ ಚಿಲಕ ಎಳೆಯುವವರನ್ನು ಹಿಡಿದು ಮಲಗಿಸಿ, ಬೆಳಿಗ್ಗೆ ಎದ್ದು ಮುದ್ದೆಗೆ ಎಸರಿಡುವವಳು ಅವಳು. ಊರಿನವರು ಬಂದು ‘ಹೆಂಗಿದ್ದೋರು ಹೆಂಗಾಗೋದ್ರು’ ಎಂದು ಕಾಫಿ ಕುಡಿದು ಹೋಗುತ್ತಾರೆ. ಆ ಲೋಟ ತೊಳೆಯುವವಳೂ ಅವಳೇ. ನಾವು ಸಂಸ್ಕೃತಿ ಎಂದು ಬೀಗುವುದು ಈ ಒಬ್ಬಳ ನಿದ್ದೆಗೇಡನ್ನು. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯೂ ಮುಖ್ಯವಾಗಿ ಮಕ್ಕಳ ಕಡೆಗೇ ಬೆರಳು ತೋರಿಸುತ್ತದೆ. ಊರಿನ ಕರ್ತವ್ಯ ಏನೆಂದು ಕೇಳುವವರಿಲ್ಲ.

ಊರಿನ ಕರ್ತವ್ಯ ಎಂದರೆ ಕನಿಕರವಲ್ಲ, ಕೆಲಸ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತ. ಒಳ್ಳೆಯದೇ. ಮನೆಯ ದಾರಿ ಮರೆತ ಅಜ್ಜಿಯೂ ಗುಬ್ಬಿಯಲ್ಲಿ ಹತ್ತಿ ತುಮಕೂರಿನಲ್ಲಿ ಇಳಿದು, ಅಲ್ಲಿಂದ ಇನ್ನೆಲ್ಲಿಗೋ ಹೋಗಬಲ್ಲಳು. ಆದರೆ ಶೂನ್ಯ ಟಿಕೆಟ್ ಹರಿಯುವ ಮೊದಲು ಅವಳ ಗುರುತಿನ ಚೀಟಿಯನ್ನು, ಅದರಲ್ಲಿರುವ ವಿಳಾಸವನ್ನು ನೋಡುವವನು ಕಂಡಕ್ಟರ್. ‘ಎಲ್ಲಿಗಮ್ಮಾ?’ ಎಂದರೆ ಉತ್ತರ ಬಾರದಿದ್ದಾಗ ಗದರದೆ, ಚೀಟಿಯಲ್ಲಿರುವ ಊರಿನ ಕಡೆಯ ಬಸ್ಸಿನವರಿಗೆ ಒಪ್ಪಿಸುವುದನ್ನು ಕಂಡಕ್ಟರ್‌ಗೆ ಯಾಕೆ ಕಲಿಸಬಾರದು? ಹೆಬ್ಬೆಟ್ಟು ಹೊಂದದೆ, ಯಾಕೆ ಬಂದೆ ಎಂಬುದೂ ನೆನಪಿಲ್ಲದೆ ನಿಂತವರನ್ನು ನ್ಯಾಯಬೆಲೆ ಅಂಗಡಿಯವನು ‘ನಾಳೆ ಬಾ’ ಎಂದು ಅಟ್ಟುವ ಬದಲು ಮನೆಗೆ ಒಂದು ಫೋನ್ ಮಾಡಿದರೆ ಅವನ ಗಂಟೇನು ಹೋಗುತ್ತದೆ?

ಸರ್ಕಾರದ ಕೈಯಲ್ಲೂ ಆಗಲೇ ಒಂದು ಕಾಗದ ಇದೆ. ಆಶಾ ಕಾರ್ಯಕರ್ತೆ ಮನೆಮನೆಗೆ ಒಯ್ಯುವ ಆರೋಗ್ಯ ತಪಾಸಣೆಯ ನಮೂನೆಯಲ್ಲಿ ಅರವತ್ತು ದಾಟಿದವರಿಗೆಂದೇ ಇರುವ ಪ್ರಶ್ನೆಗಳಲ್ಲಿ ಒಂದು: ಹತ್ತಿರದವರ ಹೆಸರು, ಮನೆಯ ವಿಳಾಸ ಮರೆಯುತ್ತೀರಾ? ಮರೆಯುವವರನ್ನೇ ಮರೆಯುತ್ತೀರಾ ಎಂದು ಕೇಳುವ ಈ ಪ್ರಶ್ನೆಗೆ ಹೌದು ಎಂದು ಗುರುತು ಬಿದ್ದರೆ ಮುಂದೇನು? ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆ ನಮ್ಮಲ್ಲಿದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮೆದುಳಿನ ಆರೋಗ್ಯಕ್ಕೆಂದೇ ಇನ್ನೊಂದು ಕಾರ್ಯಕ್ರಮ ಶುರುಮಾಡಿತು. ಆ ಗುರುತಿನಿಂದ ವೈದ್ಯರ ಕೋಣೆಯವರೆಗೆ ಅಜ್ಜಿಯನ್ನು ಯಾರು ಕರೆದುಕೊಂಡು ಹೋಗಬೇಕು ಎಂಬುದೇ ಊರಿನ ಮುಂದಿರುವ ಪ್ರಶ್ನೆ.

ಜಪಾನಿನಲ್ಲಿ ಈ ಕಾಯಿಲೆಗೆ ಹಿಂದೆ ಇದ್ದ ಹೆಸರಿನಲ್ಲಿ ಪೆದ್ದುತನದ ಅರ್ಥವಿತ್ತು. 2004ರಲ್ಲಿ ಅಲ್ಲಿನ ಸರ್ಕಾರ ಆ ಪದವನ್ನೇ ಬದಲಿಸಿತು. ಮರುವರ್ಷದಿಂದ ಅಂಗಡಿಯವರು, ಬ್ಯಾಂಕಿನವರು, ಶಾಲಾ ಮಕ್ಕಳಿಗೆಲ್ಲ ಸುಮಾರು ಒಂದೂವರೆ ಗಂಟೆಯ ಪಾಠ ಆರಂಭವಾಯಿತು: ಇಂಥವರು ಎದುರಾದರೆ ಹೇಗೆ ಮಾತಾಡಬೇಕು, ಏನು ಮಾಡಬೇಕು ಎಂದು. ಕೋಟಿಗೂ ಹೆಚ್ಚು ಜನ ಆ ಪಾಠ ಕೇಳಿದ್ದಾರೆ.

‘ಅದೆಲ್ಲ ಜಪಾನಿಗೆ ಸರಿ’ ಎನ್ನುವವರಿಗೆ ಗುಬ್ಬಿಯನ್ನೇ ತೋರಿಸುತ್ತೇನೆ. 1884ರಲ್ಲಿ ನಾಟಕ ಕಂಪನಿ ಕಟ್ಟಿ, ಮುಂದೆ ವೀರಣ್ಣನವರನ್ನು ನಾಡಿಗೆ ಕೊಟ್ಟ ಊರು ಅದು. ಕಂಪನಿ ನಾಟಕದಲ್ಲಿ ರಾಜನ ಪಾರ್ಟಿನವನು ಮಾತು ಮರೆತರೆ ಯಾರೂ ಅವನನ್ನು ರಂಗದಿಂದ ಎಳೆದು ಹಾಕುತ್ತಿರಲಿಲ್ಲ. ಪರದೆಯ ಮರೆಯಿಂದ ಪ್ರಾಂಪ್ಟರ್ ಮೆಲ್ಲಗೆ ಮಾತು ಎತ್ತಿಕೊಡುತ್ತಿದ್ದ, ನಾಟಕ ಮುಂದೆ ಸಾಗುತ್ತಿತ್ತು. ಮರೆತವರ ಮರ್ಯಾದೆ ಉಳಿಸುವ ವಿದ್ಯೆ ನಮಗೆ ಹೊಸದಲ್ಲ. ಬೀದಿಯಲ್ಲಿ ಅದನ್ನು ಬಳಸುತ್ತಿಲ್ಲ, ಅಷ್ಟೇ.

ಆದ್ದರಿಂದ ಪ್ರತಿ ಸೆಪ್ಟೆಂಬರ್ 21ರಂದು ವಿಶ್ವ ಆಲ್ಝೈಮರ್ಸ್ ದಿನದ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಳ್ಳುವುದು ಸಾಕು. ತುಮಕೂರು, ಗುಬ್ಬಿ, ಕುಣಿಗಲ್ಲಿನ ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳು ಏಳು ದಿನ ಹಳ್ಳಿಯಲ್ಲಿ ಇರುತ್ತವೆ. ಚರಂಡಿ ಬಳಿಯುವ ಒಂದು ಮಧ್ಯಾಹ್ನ ಬಿಟ್ಟು ಆ ಒಂದೂವರೆ ಗಂಟೆಯ ಪಾಠವನ್ನು ಕನ್ನಡದಲ್ಲಿ ಹೇಳಿ. ಮರೆವಿನ ಕಾಯಿಲೆ ಇರುವವರ ಮನೆಯಲ್ಲಿ ವಾರಕ್ಕೆ ಎರಡು ಗಂಟೆ ಕೂತು, ಆ ಹೆಂಗಸು ಸಂತೆಗೋ ನಿದ್ದೆಗೋ ಹೋಗಲು ಬಿಡುವು ಕೊಡಿ. ಹಾಗೇ ಆಶಾ ಬರೆದುಕೊಂಡ ಹೆಸರುಗಳಲ್ಲಿ ಒಬ್ಬರನ್ನಾದರೂ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟಕ್ಕೆ ಯಾವ ಬಜೆಟ್ಟೂ ಬೇಡ. ‘ಬಿಡಿ’ ಎಂಬ ಮಾತನ್ನು ಬಿಟ್ಟರೆ ಸಾಕು.